ಮಿಡಿ ಕೊಯ್ಯೋ ಕಾಲ

ಕೇಳುಗರಿಗೆಲ್ಲ ನಮಸ್ಕಾರ. ಶಿವರಾತ್ರಿ ಕಳೆದು ಯುಗಾದಿ ಹತ್ರ ಬರ್ತಿದ್ದಂಗೆ ನಮ್ಮ ಶಿರಸಿ, ಸಿದ್ದಾಪುರ, ಸಾಗರ ಕಡೆ ಮನೆಮನೇಲೂ ಒಂದೇ ವಿಚಾರಣೆ, ಉಪ್ಪಿನಕಾಯಿಗೆ ಮಾವಿನ ಮಿಡಿ ಬಂತಾ, ಎಷ್ಟು ಸಿಕ್ತು, ಯಾವ ಮರದ್ದು? ರಿಪ್ಪನ್‌ಪೇಟೆ ಸಂತೇಲಿ, ಶಿರಸಿ ಮಾರ್ಕೆಟ್‌ನಲ್ಲಿ ಅಪ್ಪೆಮಿಡಿ, ಅಂದ್ರೆ ಹೊಳೆದಂಡೆಯ ಪರಿಮಳದ ಮಾವಿನ ಎಳೇ ಕಾಯಿ, ರಾಶಿ ಬಿದ್ದಿರತ್ತೆ, ಕೆಜಿ ಲೆಕ್ಕ ಅಲ್ಲ, ನೂರಕ್ಕಿಷ್ಟು ಅಂತ ಎಣಿಸಿ ಕೊಡ್ತಾರೆ. ಕೊಳ್ಳೋರು ಒಂದು ಮಿಡಿ ಎತ್ಕೊಂಡು ತೊಟ್ಟು ಮುರಿದು ಮೂಗಿಗೆ ಹಿಡೀತಾರೆ, ಸೊನೆ ಚಿಮ್ಮಿ ಘಮ್ ಅಂದ್ರೆ ಮಾತ್ರ ವ್ಯಾಪಾರ. ಒಂದು ಮರದ್ದು ಜೀರಿಗೆ ಪರಿಮಳ, ಇನ್ನೊಂದು ಮರದ್ದು ಕರ್ಪೂರದ ಥರ, ಒಂದರ ಹಾಗೆ ಇನ್ನೊಂದಿಲ್ಲ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಂತೆಲ್ಲ ಹೆಸರು ಪಡೆದಿರೋ ಮರಗಳಿದಾವೆ, ಹೆಸರೇ ಇಲ್ಲದ ಒಳ್ಳೆ ಮರಗಳು ಅದಕ್ಕಿಂತ ಜಾಸ್ತಿ.

ಈ ಮರಗಳನ್ನ ಯಾರೂ ತೋಟ ಮಾಡಿ ಬೆಳೆಸಿದ್ದಲ್ಲ. ಅಘನಾಶಿನಿ, ಶರಾವತಿ, ಬೇಡ್ತಿ, ವರದಾ ಹೊಳೆಗಳ ದಂಡೇಲಿ ತಾವಾಗೇ ಹುಟ್ಟಿ ಮುಗಿಲೆತ್ತರ ಬೆಳೆದಿದ್ದು. ಹತ್ತೋಕೆ ಗಟ್ಟಿ ಆಳು ಬೇಕು, ಅದೂ ಮಿಡಿ ಕೊಯ್ಯೋಕೆ ಗೊತ್ತಿರೋನು. ಯಾಕಂದ್ರೆ ಮಿಡಿ ನೆಲಕ್ಕೆ ಬೀಳಬಾರ್ದು, ಬಿದ್ದು ಪೆಟ್ಟಾದ ಮಿಡಿ ಭರಣೀಲಿ ಮೆತ್ತಗಾಗಿ ಸುತ್ತಲಿನದ್ದನ್ನೂ ಕೆಡಸತ್ತೆ, ತೊಟ್ಟು ಇರ್ಲೇಬೇಕು, ತೊಟ್ಟು ಹೋದ್ರೆ ಸೊನೆ ಹೋಯ್ತು, ಸೊನೆ ಹೋದ್ರೆ ಪರಿಮಳಾನೂ ಹೋಯ್ತು ಬಾಳಿಕೇನೂ ಹೋಯ್ತು. ಹಾಗಾಗಿ ಹಗ್ಗ ಕಟ್ಟಿದ ಬುಟ್ಟಿ ಅಥವಾ ಚೀಲ ಮೇಲೆ ತಗೊಂಡು ಹೋಗಿ ಗೊಂಚಲು ಗೊಂಚಲಾಗೇ ಕೊಯ್ದು ನಿಧಾನಕ್ಕೆ ಕೆಳಗೆ ಇಳಿಸೋದು.

ಈಗ ಹೀಗೆ ಹತ್ತೋರು ಕಡಿಮೆ ಆಗಿದಾರೆ, ಮಿಡಿಗೆ ರೇಟ್ ಏರಿದೆ. ಇವೆರಡೂ ಒಟ್ಟಿಗೆ ಸೇರಿದ್ದೇ ಮರಕ್ಕೆ ಕಂಟಕ ಆಗಿದ್ದು. ಕೆಲವು ಕಡೆ ಟೊಂಗೆಗೇ ಕತ್ತಿ ಹಾಕಿ ಕಡಿದು ಬೀಳಿಸಿ, ಕೆಳಗೆ ಕೂತು ಆರಾಮಾಗಿ ಬಿಡಿಸ್ಕೋತಾರೆ. ಮಾವು ಮೊದಲೇ ಒಂದು ವರ್ಷ ಬಿಟ್ಟು ಒಂದು ವರ್ಷ ಫಸಲು ಕೊಡೋ ಜಾತಿ, ಹೂ ಬಿಟ್ಟಾಗ ಮೋಡ ಇಬ್ಬನಿ ಆದ್ರೆ ಜಿಗಿಹುಳ ಬಿದ್ದು ಅದೂ ಕರಕಲು, ಇಂಥದ್ರಲ್ಲಿ ಟೊಂಗೆ ಕಡಿದ್ರೆ ಆ ಮರ ಚೇತರಿಸ್ಕೊಳ್ಳೋದು ಯಾವಾಗ? ನನಗೆ ಇದು ನಿಜವಾಗ್ಲೂ ಸಂಕಟ. ಕೊಳ್ಳೋರು ಒಂದು ಪ್ರಶ್ನೆ ಕೇಳ್ಬೋದು, ಹತ್ತಿ ಕೊಯ್ದಿದ್ದಾ ಕಡಿದು ಕೊಯ್ದಿದ್ದಾ ಅಂತ. ಹತ್ತಿ ಕೊಯ್ದೋನಿಗೆ ನೂರಕ್ಕೆ ನಾಲ್ಕು ಕಾಸು ಜಾಸ್ತಿ ಕೊಟ್ರೆ ನ್ಯಾಯಾನೇ, ಪ್ರಾಣ ಪಣಕ್ಕಿಟ್ಟು ಹತ್ತಿರ್ತಾನೆ ಅವ್ನು.

ಮನೆಗೆ ತಂದ ಮೇಲಿನ ಕೆಲಸ ನಿಮಗೆ ಗೊತ್ತಿರೋದೇ, ಹೊಸಬರಿಗಾಗಿ ಹೇಳ್ತೀನಿ. ತೊಟ್ಟು ಅರ್ಧ ಇಂಚು ಉಳಿಸಿ ಕತ್ತರಿಸಿ, ತೊಳೆದು, ನೆರಳಲ್ಲಿ ಒರೆಸಿ ಆರಿಸಿ, ಭರಣೀಲಿ ಒಂದು ಪದರ ಕಲ್ಲುಪ್ಪು ಒಂದು ಪದರ ಮಿಡಿ ಹಾಕಿ ಮೇಲೊಂದು ಭಾರ ಇಡಿ. ದಿನಾ ಒಮ್ಮೆ ಅಲ್ಲಾಡಿಸಿದ್ರೆ ಎರಡು ಮೂರು ವಾರದಲ್ಲಿ ಮಿಡಿ ಸುಕ್ಕಾಗಿ ನೀರು ಬಿಟ್ಟಿರತ್ತೆ. ಆ ಉಪ್ಪುನೀರನ್ನ ಚೆಲ್ಲಬೇಡಿ, ಕುದಿಸಿ ಪೂರ್ತಿ ತಣಿಸಿ ಸಾಸಿವೆ, ಒಣಮೆಣಸು, ಅರಿಶಿನ ಅದ್ರಲ್ಲೇ ಬೀಸಿ. ಸರಿಯಾಗಿ ಹಾಕಿದ್ದು ಎರಡು ಮೂರು ವರ್ಷ ಆದ್ರೂ ಕಡಿದ್ರೆ ಕರಕ್ ಅನ್ನತ್ತೆ.

ಮಿಡಿ ಒಂದೇ ಅಲ್ಲ ಕಣ್ರೀ ಈ ಕಾಲದ್ದು. ಬೆಟ್ಟದ ತುಂಬ ಚಿಗುರು ಕೆಂಪಗೆ ಹೊಳೀತಿರತ್ತೆ, ನೆಲ್ಲಿ ಕುಡಿ, ಪೇರಲೆ ಕುಡಿ, ಕೇಪಳದ ಕುಡಿ, ಒಂದು ಮುಷ್ಟಿ ಸಾಕು ಮನೆ ಮಂದಿಗೆಲ್ಲ ತಂಬುಳಿ ಆಗತ್ತೆ. ತುಪ್ಪದಲ್ಲಿ ಜೀರಿಗೆ ಕಾಳುಮೆಣಸಿನ ಜೊತೆ ಬಾಡಿಸಿ ಕಾಯಿ ಹಾಕಿ ಬೀಸಿ ಮಜ್ಜಿಗೆ ಬೆರೆಸೋದು, ಆಮೇಲೆ ಕುದಿಸೋ ಹಾಗಿಲ್ಲ. ಈ ಸೆಖೆಗೆ ಅನ್ನದ ಜೊತೆ ಇದಕ್ಕಿಂತ ತಂಪಾದ್ದು ನಾನಂತೂ ಕಂಡಿಲ್ಲ. ಒಂದೇ ಗಿಡದ ಎಲ್ಲಾ ಕುಡಿ ಚಿವುಟಬೇಡಿ, ನಾಲ್ಕು ಗಿಡದಿಂದ ಒಂದೊಂದು ತಗೊಳ್ಳಿ. ಒಂದೆಲಗ ತೋಟದ ಕಾಲುವೆ ಪಕ್ಕ ಹಬ್ಬಿರತ್ತೆ, ಆದ್ರೆ ಈಗ ತುಂಬ ತೋಟಗಳಿಗೆ ಕಳೆನಾಶಕ ಹೊಡೀತಾರೆ, ಹೊಡೆದಿದಾರಾ ಅಂತ ಕೇಳದೆ ಕೀಳ್ಬೇಡಿ, ಮಕ್ಕಳ ಬಾಯಿಗೆ ಹೋಗೋ ವಸ್ತು ಅದು. ಸ್ವಲ್ಪ ದಿನ ಕಳೆದ್ರೆ ಕವಳಿ ಹಣ್ಣು, ಮುರುಗಲ ಹಣ್ಣು. ಮುರುಗಲ ಸಿಪ್ಪೆಗೆ ಸಕ್ಕರೆ ಹಾಕಿ ಗಾಜಿನ ಬಾಟ್ಲಲ್ಲಿ ಬಿಸಿಲಿಗೆ ಇಟ್ರೆ ಕೆಂಪು ಪಾನಕ ತಾನೇ ಇಳಿಯತ್ತೆ.

ಹಿತ್ಲಲ್ಲೂ ಈಗ್ಲೇ ಕೆಲಸ. ಹರಿವೆ ಬೀಜ ತೀರಾ ಸಣ್ಣದು, ಒಣ ಮರಳಲ್ಲಿ ಬೆರೆಸಿ ಬಿತ್ತಿದ್ರೆ ಒಂದೇ ಕಡೆ ಗುಂಪಾಗಲ್ಲ. ಬಸಳೆ ಬಳ್ಳಿಯ ಮೂರು ಗೆಣ್ಣಿನ ತುಂಡು ಓರೆಯಾಗಿ ಊರಿ, ಅಕ್ಕಿ ತೊಳೆದ ನೀರು ಹಾಕ್ತಾ ಹೋಗಿ, ಚಪ್ಪರ ತುಂಬತ್ತೆ. ನೀರಿನ ಅನುಕೂಲ ಇರೋರು ಗದ್ದೇಲಿ ಮೊಗೆಕಾಯಿ, ಅಂದ್ರೆ ಸಾಂಬಾರು ಸೌತೆ, ಹಾಕ್ತಾರೆ, ಬಲಿತ ಕಾಯಿಯನ್ನ ಬಾಳೆ ನಾರಲ್ಲಿ ಕಟ್ಟಿ ಅಟ್ಟಕ್ಕೆ ನೇತು ಹಾಕಿದ್ರೆ ಮಳೆಗಾಲದಲ್ಲಿ ತರಕಾರಿ ಚಿಂತೆ ಇಲ್ಲ. ಭರಣಿ ಮಳೆ ಬಂದ್ರೆ ಧರಣಿ ಬೆಳೆ ಅಂತಾರೆ, ಏಪ್ರಿಲ್ ಕೊನೆಗೆ ಆ ಭರಣಿ ನಕ್ಷತ್ರದ ಮಳೆ ಬಿತ್ತಂದ್ರೆ ಹಿತ್ತಲು ಒಂದೇ ವಾರಕ್ಕೆ ಬೇರೇನೇ ಕಾಣತ್ತೆ.

ಮತ್ತೆ ಮಿಡಿ ಮಾತಿಗೇ ಬರ್ತೀನಿ. ನಿಮ್ಮೂರಲ್ಲಿ ಒಂದು ಒಳ್ಳೆ ಅಪ್ಪೆ ಮರ ಮುದಿ ಆಗಿದ್ರೆ ಈ ಮಳೆಗಾಲದಲ್ಲೇ ಅದ್ರ ಕಸಿ ಮಾಡಿಸಿ. ಓಟೆ, ಅಂದ್ರೆ ಮಾವಿನ ಗೊರಟು, ಹಾಕಿ ಹುಟ್ಟಿಸಿದ್ರೆ ತಾಯಿ ಮರದ ಪರಿಮಳಾನೇ ಬರತ್ತೆ ಅನ್ನೋ ಗ್ಯಾರಂಟಿ ಇಲ್ಲ, ಕಸಿ ಆದ್ರೆ ಅದೇ ಗುಣ, ಎತ್ತರಾನೂ ಕಡಿಮೆ, ಅಜ್ಜಂದಿರೂ ನೆಲದ ಮೇಲೆ ನಿಂತು ದೋಟೀಲಿ ಕೊಯ್ಬೋದು. ಎರಡಡಿ ಗುಂಡಿ ಈಗ್ಲೇ ತೆಗೆದಿಡಿ, ಮಣ್ಣು ಬಿಸಿಲು ತಿನ್ನಲಿ. ಮಳೆ ಹಿಡಿದ ಮೇಲೆ ಗೊಬ್ಬರ ಹಾಕಿ ನೆಟ್ಟು, ದನ ಬಾಯಿ ಹಾಕದ ಹಾಗೆ ಮುಳ್ಳಿನ ಬೇಲಿ ಕಟ್ಟಿ. ಕಸಿ ಕಟ್ಟಿದ ಜಾಗಕ್ಕಿಂತ ಕೆಳಗೆ ಚಿಗುರು ಬಂದ್ರೆ ಕಂಡ ಕೂಡ್ಲೇ ಚಿವುಟಿ ಹಾಕಿ, ಇಲ್ಲಾಂದ್ರೆ ಅಪ್ಪೆ ಒಣಗಿ ಬುಡದ ಕಾಟು ಮಾವು ಬೆಳೆದುಬಿಡತ್ತೆ. ನಮಸ್ಕಾರ.