ಪ್ರಿಲ್ಯೂಡ್‌ನ ಸಮ್ ಬದಿಗಿಟ್ಟು ನಮ್ಮದೇ ಸಮ್

ಕೇಳುಗರಿಗೆ ನಮಸ್ಕಾರ. ಮಳೆಮಾಪಕ ನೋಡಿ ಇಂಚು, ಸೆಂಟು ಎಂದು ಪುಸ್ತಕದಲ್ಲಿ ಬರೆದಿಡುವ ರೂಢಿ ಕೊಡಗಿನ ತೋಟದ ಮನೆಗಳಿಗೆ ಹೊಸದಲ್ಲ. 100 ಸೆಂಟಿಗೆ 1 ಇಂಚು. ಆ ಪುಸ್ತಕವನ್ನು ಕಂಪ್ಯೂಟರಿಗೆ ಏರಿಸಿ, ಹ್ಯಾಸ್ಕೆಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಲೆಕ್ಕ ಹಾಕಲು ಹೊರಟವರು ಎಡವುವ ಒಂದು ಜಾಗವಿದೆ. ಇವತ್ತಿನ ಮಾತು ಅದರ ಬಗ್ಗೆಯೇ. ಪೊನ್ನಂಪೇಟೆಯಲ್ಲೋ ಕುಶಾಲನಗರದಲ್ಲೋ ಎಂಜಿನಿಯರಿಂಗ್ ಓದುತ್ತಿರುವವರು ಪೆನ್ನು ಹಿಡಿದು ಕೂತರೆ ಒಳ್ಳೆಯದು. ರೇಡಿಯೋದಲ್ಲಿ ಕೋಡ್ ತೋರಿಸಲು ಬರುವುದಿಲ್ಲ, ಬಾಯಲ್ಲಿ ಹೇಳಬಹುದಷ್ಟೆ.

ಒಂದು ದಿನದ ಮಳೆಯನ್ನು ಒಂದು ಜೋಡಿಯಾಗಿ ಬರೆಯೋಣ: ಆವರಣದೊಳಗೆ ಇಂಚು, ಅಲ್ಪವಿರಾಮ, ಸೆಂಟು. ಮೊದಲ ದಿನ 2 ಇಂಚು 40 ಸೆಂಟು, ಮರುದಿನ ಬರೀ 85 ಸೆಂಟು, ಮೂರನೆಯ ದಿನ 1 ಇಂಚು 10 ಸೆಂಟು. ಒಟ್ಟು 4 ಇಂಚು 35 ಸೆಂಟು ಬರಬೇಕು. ಈಗ ಅವಸರದಲ್ಲಿ ಯಾರೋ ಪ್ರತಿ ದಿನದ ಜೋಡಿಯ ಮೇಲೂ ಸಮ್ ಎಂಬ ಕೂಡಿಸುವ ಫಂಕ್ಷನ್ ನಡೆಸಿ, ಬಂದದ್ದನ್ನೆಲ್ಲ ಮತ್ತೊಮ್ಮೆ ಸಮ್‌ಗೆ ಕೊಡುತ್ತಾರೆ: ಸಮ್, ಆವರಣದಲ್ಲಿ ಮ್ಯಾಪ್ ಸಮ್ ಮಳೆ. ಮಳೆ ಎಂದರೆ ಆ ಮೂರು ಜೋಡಿಗಳ ಪಟ್ಟಿ, ಮ್ಯಾಪ್ ಎಂದರೆ ಪಟ್ಟಿಯ ಪ್ರತಿಯೊಂದರ ಮೇಲೂ ಸಮ್ ನಡೆಸು ಎಂದು. ಕೋಡನ್ನು ಯಂತ್ರಕ್ಕೆ ತಿಳಿಯುವಂತೆ ಬದಲಿಸುವ ಕಂಪೈಲರ್ ತಕರಾರು ತೆಗೆಯುವುದಿಲ್ಲ. ಉತ್ತರ 135. ಅಂದರೆ 1 ಇಂಚು 35 ಸೆಂಟು. 3 ಇಂಚು ಮಳೆ ಲೆಕ್ಕದಿಂದಲೇ ಮಾಯ!

ಕಾರಣ ಇದು. ಪ್ರಿಲ್ಯೂಡ್ ಎಂದರೆ ಪ್ರತಿ ಹ್ಯಾಸ್ಕೆಲ್ ಫೈಲಿಗೂ ಕೇಳದೆಯೇ ಬಂದು ಸೇರುವ ಮೂಲ ಲೈಬ್ರರಿ. ಅದರ ಸಮ್, ಲೆಂತ್, ಮ್ಯಾಕ್ಸಿಮಮ್ ಮೊದಲು ಪಟ್ಟಿಗಳಿಗೆ ಮಾತ್ರ ಸೀಮಿತವಾಗಿದ್ದವು. ಹ್ಯಾಸ್ಕೆಲ್ ಕಂಪೈಲರ್ ಆದ, 2015ರಲ್ಲಿ ಬಂದ ಜಿಎಚ್‌ಸಿ 7.10ರಿಂದ ಫೋಲ್ಡಬಲ್ (ಒಳಗಿನ ಸದಸ್ಯರನ್ನು ಒಟ್ಟುಗೂಡಿಸಬಹುದಾದವು) ಎಂಬ ವರ್ಗಕ್ಕೆ ಸೇರಿದ ಯಾವುದರ ಮೇಲಾದರೂ ಅವು ನಡೆಯುತ್ತವೆ. ಜೋಡಿಯೂ ಆ ವರ್ಗದಲ್ಲಿದೆ, ಆದರೆ ಅದರ ಎರಡನೆಯ ಸದಸ್ಯ ಮಾತ್ರ ಗಣನೆಗೆ ಬರುತ್ತದೆ. ಹಾಗಾಗಿ 2 ಮತ್ತು 40ರ ಜೋಡಿಗೆ ಸಮ್ ಕೊಡುವುದು 40. ಯಾವ ಜೋಡಿಗೂ ಲೆಂತ್ 1. 9 ಮತ್ತು 3ರ ಜೋಡಿಗೆ ಮ್ಯಾಕ್ಸಿಮಮ್ 3! ಭಾಷೆಯ ನಿಯಮದ ಪ್ರಕಾರ ಇದು ಸರಿಯೇ. ಆದರೆ ಲೆಕ್ಕಪತ್ರದ ಕೆಲಸಕ್ಕೆ ಇಷ್ಟು ಧಾರಾಳತನ ಬೇಡ ಎಂಬುದು ನನ್ನ ಅಭಿಪ್ರಾಯ.

ಹಾಗಾದರೆ ಪಟ್ಟಿಗೆ ಮಾತ್ರ ಒಗ್ಗುವ ನಮ್ಮದೇ ಸಮ್ ಬರೆಯೋಣ. ಬರೆಯಲು ಅಡ್ಡಿಯಿಲ್ಲ. ಖಾಲಿ ಪಟ್ಟಿಗೆ ಸೊನ್ನೆ. ಇಲ್ಲವಾದರೆ ಮೊದಲನೆಯದಕ್ಕೆ ಉಳಿದವುಗಳ ಸಮ್ ಕೂಡಿಸು. ಫೈಲನ್ನು ಕಂಪೈಲ್ ಮಾಡಿದರೆ ‘ಆಂಬಿಗ್ಯುಯಸ್ ಅಕರೆನ್ಸ್’ ಎಂಬ ದೋಷ ಬರುತ್ತದೆ. ಅದು ಬೊಟ್ಟು ಮಾಡುವ ಜಾಗ ಗಮನಿಸಿ. ಸಮನೆ ಚಿಹ್ನೆಯ ಎಡಗಡೆ ಇರುವ ಸಮ್ ಬಗ್ಗೆ ಆಕ್ಷೇಪವಿಲ್ಲ, ಬಲಗಡೆ ತನ್ನನ್ನೇ ಕರೆಯುವ ಸಮ್ ಬಗ್ಗೆ ಇದೆ. ಹೆಸರನ್ನು ಹೊಸದಾಗಿ ಕಟ್ಟುವುದು ತಪ್ಪಲ್ಲ. ಬಳಸುವಾಗ ಪ್ರಿಲ್ಯೂಡ್‌ನದೋ ನಮ್ಮದೋ ತಿಳಿಯದಿದ್ದರೆ ತಪ್ಪು. ಇದೇ ಸಾಲುಗಳನ್ನು, ಟೈಪ್ ಮಾಡಿದ್ದನ್ನು ಅಲ್ಲೇ ಓಡಿಸಿ ತೋರಿಸುವ ಜಿಎಚ್‌ಸಿಐ ಪ್ರಾಂಪ್ಟಿನಲ್ಲಿ ಟೈಪ್ ಮಾಡಿದರೆ ಸುಮ್ಮನೆ ಒಪ್ಪಿಕೊಳ್ಳುತ್ತದೆ. ಅಲ್ಲಿ ಹೊಸದು ಹಳೆಯದನ್ನು ಮರೆಮಾಡುತ್ತದೆ. ಪ್ರಾಂಪ್ಟಿನಲ್ಲಿ ಓಡಿದ್ದು ಫೈಲಿನಲ್ಲಿ ಯಾಕೆ ಓಡುವುದಿಲ್ಲ ಎಂದು ತಲೆ ಕೆಡಿಸಿಕೊಳ್ಳುವವರಿಗೆ ಉತ್ತರ ಇದೇ.

ಪರಿಹಾರ ಎರಡು ಸಾಲು. ಫೈಲಿನ ಮೇಲ್ಗಡೆ ಬರೆದುಕೊಳ್ಳಿ. ಒಂದು: ಇಂಪೋರ್ಟ್ ಪ್ರಿಲ್ಯೂಡ್ ಹೈಡಿಂಗ್, ಆವರಣದಲ್ಲಿ ಸಮ್. ಎರಡು: ಇಂಪೋರ್ಟ್ ಕ್ವಾಲಿಫೈಡ್ ಪ್ರಿಲ್ಯೂಡ್ ಆ್ಯಸ್ ಪಿ, ಇಲ್ಲಿ ಪಿ ದೊಡ್ಡ ಅಕ್ಷರ. ಈಗ ಬರೀ ಸಮ್ ಎಂದರೆ ನಮ್ಮದು, ಪಿ ಚುಕ್ಕಿ ಸಮ್ ಎಂದರೆ ಲೈಬ್ರರಿಯದು. ಒಂದೇ ಹೆಸರಿನವರು ಊರಲ್ಲಿ ಇಬ್ಬರಿದ್ದರೆ ಮನೆತನದ ಹೆಸರು ಮುಂದಿಟ್ಟು ಕರೆಯುತ್ತಾರಲ್ಲ, ಹಾಗೆ. ಎರಡನೆಯ ಸಾಲೊಂದನ್ನೇ ಬರೆದು ಮೊದಲನೆಯದನ್ನು ಬಿಟ್ಟರೆ ಪೇಚಾಟ. ಪ್ರಿಲ್ಯೂಡನ್ನು ಒಮ್ಮೆ ಹೆಸರಿಸಿ ಇಂಪೋರ್ಟ್ ಮಾಡಿದರೆ ತಾನಾಗಿ ಬರುವುದು ನಿಂತುಹೋಗುತ್ತದೆ, ಆಮೇಲೆ ಕೂಡಿಸುವ ಚಿಹ್ನೆಗೂ ಮುಂದೆ ಪಿ ಚುಕ್ಕಿ ಹಾಕಬೇಕಾಗುತ್ತದೆ.

ಇಷ್ಟಾದ ಮೇಲೆ ಕೂಡಿಸುವ ವಿಧಾನವನ್ನು ನಾವೇ ಬರೆಯುವ ಅಗತ್ಯವೂ ಇಲ್ಲ. ನಮಗೆ ಬೇಕಾದದ್ದು ಟೈಪಿನ ಬಿಗಿ ಮಾತ್ರ. ಫಂಕ್ಷನ್ ಯಾವ ಬಗೆಯದನ್ನು ತೆಗೆದುಕೊಳ್ಳುತ್ತದೆಂದು ಹೇಳುವ ಟೈಪ್ ಸಹಿಯಲ್ಲಿ ಪಟ್ಟಿ ಎಂದು ನಮೂದಿಸಿ, ಕೆಳಗೆ ‘ಸಮ್ ಸಮನೆ ಪಿ ಚುಕ್ಕಿ ಸಮ್’ ಎಂದರೆ ಮುಗಿಯಿತು. ಮಳೆಯ ಆ ಹಳೆಯ ಸಾಲು ಈಗ ಕಂಪೈಲ್ ಆಗುವುದೇ ಇಲ್ಲ. ಪಟ್ಟಿ ಬೇಕಿತ್ತು, ಜೋಡಿ ಬಂದಿದೆ ಎಂದು ಅಲ್ಲೇ ತಡೆಯುತ್ತದೆ. ಆಗ ಸರಿದಾರಿ ಹಿಡಿಯುತ್ತೇವೆ: ಇಂಚನ್ನು 100ರಿಂದ ಗುಣಿಸಿ ಸೆಂಟು ಸೇರಿಸಿದರೆ 240, 85, 110, ಕೂಡಿದರೆ 435, ಡಿವ್‌ಮಾಡ್ 100 ಮಾಡಿದರೆ (100ರಿಂದ ಭಾಗಿಸಿ ಭಾಗಲಬ್ಧ, ಶೇಷ ತೆಗೆದರೆ) 4 ಮತ್ತು 35.

ಆ ಕೊನೆಯ ‘ಪಿ ಚುಕ್ಕಿ’ ಮರೆತು ‘ಸಮ್ ಸಮನೆ ಸಮ್’ ಎಂದು ಬರೆದರೆ ಏನಾಗುತ್ತದೆ? ಕಂಪೈಲ್ ಆಗುತ್ತದೆ, ಓಡಿಸಿದರೆ ಉತ್ತರ ಬರುವುದೇ ಇಲ್ಲ. ಬಲಗಡೆಯದೂ ನಮ್ಮದೇ ಸಮ್. ತನ್ನನ್ನು ತಾನೇ ಕರೆಯುತ್ತ ಕೂರುತ್ತದೆ. ಓಕ್ಯಾಮಲ್ ಭಾಷೆಯಿಂದ ಬಂದವರು ಇಲ್ಲಿ ಬೀಳುವ ಸಂಭವ ಜಾಸ್ತಿ. ಅಲ್ಲಿ ಹೆಸರು ಕಟ್ಟುವ ಲೆಟ್ ಜೊತೆ ರೆಕ್ ಹಾಕದಿದ್ದರೆ ಬಲಗಡೆಯ ಹೆಸರು ಹಳೆಯದಕ್ಕೇ ಸಲ್ಲುತ್ತದೆ. ಕ್ಲೋಜರ್‌ನಲ್ಲಿ ಇನ್ನೊಂದು ಬಗೆ: ಆ ಭಾಷೆಯ ಮೂಲ ಲೈಬ್ರರಿಯಾದ ಕೋರ್‌ನಲ್ಲಿರುವ ಮ್ಯಾಪ್ ಎಂಬ ಹೆಸರನ್ನು ನೀವು ಕಟ್ಟಿದರೆ ಎಚ್ಚರಿಕೆ ಕೊಟ್ಟು ನಿಮ್ಮದನ್ನು ಒಪ್ಪಿಕೊಳ್ಳುತ್ತದೆ. ಎಚ್ಚರಿಕೆ ಬೇಡವಾದರೆ ರೆಫರ್ ಕ್ಲೋಜರ್ ಎಕ್ಸ್‌ಕ್ಲೂಡ್ ಎಂದು ಮೊದಲೇ ತಿಳಿಸಬೇಕು.

ಸಮ್ ಪಕ್ಕದಲ್ಲಿ ಒಂದು ಪ್ರೈಮ್ ಚಿಹ್ನೆ ಹಾಕಿ ಬೇರೆ ಹೆಸರು ಮಾಡಿದರೆ ಸಾಲದೇ ಎಂದು ಕೇಳಬಹುದು. ಅಭ್ಯಾಸಕ್ಕೆ ಬರೆಯುವಾಗ ಸಾಕು. ಕಾವಲಿಗೆ ಬರೆಯುವಾಗ ಅದರಿಂದ ಪ್ರಯೋಜನವಿಲ್ಲ. ಪ್ರೈಮ್ ಮರೆತ ದಿನ ಹಳೆಯ ಸಮ್ ಸದ್ದಿಲ್ಲದೆ ಬಂದು ಕೂರುತ್ತದೆ, 3 ಇಂಚು ಮತ್ತೆ ಹೋಗುತ್ತದೆ. ಹೈಡಿಂಗ್ ಮಾಡಿದ್ದರೆ ಮರೆಯಲು ಏನೂ ಇಲ್ಲ.

ನಮ್ಮ ಸಮ್ ಬಂತೆಂದು ಲೈಬ್ರರಿಯೊಳಗೆ ಏನೂ ಬದಲಾಗುವುದಿಲ್ಲ. ಬೇರೆ ಮಾಡ್ಯೂಲುಗಳು ತಾವು ಬರೆಯಲ್ಪಟ್ಟಾಗ ಕಂಡ ಸಮ್ ಅನ್ನೇ ಬಳಸುತ್ತವೆ. ಕೆಲಸಗಳನ್ನು ಒಂದರ ಕೆಳಗೊಂದು ಬರೆಯುವ ಡೂ ಬರಹವೂ ಅಷ್ಟೇ: ಆ ಕೆಲಸಗಳನ್ನು ಜೋಡಿಸುವ ಬೈಂಡ್ ಚಿಹ್ನೆಯನ್ನು ನೀವು ಹೊಸದಾಗಿ ಬರೆದರೂ ಡೂ ಪ್ರಿಲ್ಯೂಡ್‌ನ ಬೈಂಡನ್ನೇ ಹಿಡಿಯುತ್ತದೆ. ಅದನ್ನೂ ಬದಲಿಸಬೇಕೆಂದರೆ ರೀಬೈಂಡಬಲ್ ಸಿಂಟ್ಯಾಕ್ಸ್ ಎಂಬ ವಿಸ್ತರಣೆ ಬೇಕು. ಹೊಸಬರು ಅದರ ತಂಟೆಗೆ ಹೋಗದಿರುವುದೇ ವಾಸಿ. ನಮ್ಮ ಸಮ್ ಅನ್ನು ಇನ್ನೊಂದು ಫೈಲಿನಲ್ಲಿ ಬಳಸುವುದಾದರೆ ಅಲ್ಲಿಯೂ ಹೈಡಿಂಗ್ ಸಾಲು ಬೇಕು, ಏಕೆಂದರೆ ಆ ಫೈಲಿಗೂ ಪ್ರಿಲ್ಯೂಡ್ ತಾನಾಗಿ ಬಂದಿರುತ್ತದೆ.

ಕೊನೆಯದಾಗಿ ಹಳೆಯ ಕೋಡ್ ಇಟ್ಟುಕೊಂಡವರಿಗೆ. ಪ್ರಿಲ್ಯೂಡ್ ಬೆಳೆಯುತ್ತಲೇ ಇರುತ್ತದೆ. 2024ರ ಜಿಎಚ್‌ಸಿ 9.10ರಲ್ಲಿ ಫೋಲ್ಡ್‌ಎಲ್ ಪ್ರೈಮ್ ಎಂಬ ಫಂಕ್ಷನ್ ಅದಕ್ಕೆ ಸೇರಿತು. ಅದೇ ಹೆಸರಿನಲ್ಲಿ ಸ್ವಂತ ಫಂಕ್ಷನ್ ಬರೆದುಕೊಂಡು ಬಳಸುತ್ತಿದ್ದ ಫೈಲುಗಳು, ಒಂದಕ್ಷರ ಬದಲಾಗದಿದ್ದರೂ, ಹೊಸ ಕಂಪೈಲರಿನಲ್ಲಿ ಆಂಬಿಗ್ಯುಯಸ್ ದೋಷಕ್ಕೆ ಸಿಕ್ಕುತ್ತವೆ. ಅಲ್ಲಿಯೂ ಹೈಡಿಂಗ್ ಸಾಲೇ ಮದ್ದು. ಪ್ರಿಲ್ಯೂಡ್‌ನಲ್ಲಿ ಇಲ್ಲದ ಹೆಸರನ್ನು ಹೈಡಿಂಗ್‌ನಲ್ಲಿ ಬರೆದರೂ ದೋಷವಾಗುವುದಿಲ್ಲ, ಹೆಚ್ಚೆಂದರೆ ಒಂದು ಎಚ್ಚರಿಕೆ. ಆದ್ದರಿಂದ ಆ ಒಂದೇ ಫೈಲು ಹಳೆಯ ಕಂಪೈಲರಿನಲ್ಲೂ ಹೊಸದರಲ್ಲೂ ಓಡುತ್ತದೆ. ನಮಸ್ಕಾರ.