ಒಂದು ಬಿಟ್ ಮಗುಚಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

2003ರ ಮೇ 18. ಬೆಲ್ಜಿಯಂನಲ್ಲಿ ಚುನಾವಣೆ. ಬ್ರಸೆಲ್ಸ್‌ಗೆ ಸೇರಿದ ಸ್ಕಾರ್‌ಬೀಕ್ ಎಂಬಲ್ಲಿ ಕಂಪ್ಯೂಟರ್ ಒಬ್ಬ ಅಭ್ಯರ್ಥಿಗೆ ಬರಬೇಕಾದದ್ದಕ್ಕಿಂತ 4096 ಮತ ಹೆಚ್ಚು ತೋರಿಸಿತು. ತಂತ್ರಾಂಶವನ್ನು ಜಾಲಾಡಿದರೂ ದೋಷ ಸಿಗಲಿಲ್ಲ. ಆದರೆ ಕಂಪ್ಯೂಟರಿನ ಲೆಕ್ಕದಲ್ಲಿ ಪಳಗಿದವರಿಗೆ 4096 ಎಂದೊಡನೆ ಕಿವಿ ನಿಮಿರುತ್ತದೆ. ಹನ್ನೆರಡು ಎರಡುಗಳನ್ನು ಗುಣಿಸಿದರೆ ಬರುವ ಸಂಖ್ಯೆ ಅದು. ಕಂಪ್ಯೂಟರ್ ಸಂಖ್ಯೆಗಳನ್ನು ಸೊನ್ನೆ, ಒಂದುಗಳಲ್ಲೇ ಬರೆದಿಡುತ್ತದೆ; ಅಂಥ ಒಂದೊಂದು ಅಂಕಿಯೇ ಬಿಟ್. ಮೆಮೊರಿಯಲ್ಲಿ, ಬಲದಿಂದ ಎಣಿಸಿದರೆ ಹದಿಮೂರನೆಯ ಸ್ಥಾನದ ಒಂದೇ ಒಂದು ಬಿಟ್ ಸೊನ್ನೆಯಿಂದ ಒಂದಕ್ಕೆ ಮಗುಚಿಕೊಂಡಿದೆ ಎಂಬುದೊಂದೇ ಉಳಿದ ವಿವರಣೆ.

ತಪ್ಪು ಬಯಲಾದದ್ದು ಸಂಖ್ಯೆ ಅಸಾಧ್ಯವಾಗಿತ್ತು ಎಂಬ ಕಾರಣಕ್ಕೆ. ಅಷ್ಟು ಮತ ಆ ಅಭ್ಯರ್ಥಿಗೆ ಬೀಳಲು ಸಾಧ್ಯವೇ ಇರಲಿಲ್ಲ. ಹದಿಮೂರನೆಯ ಬಿಟ್‌ನ ಬದಲು ಮೂರನೆಯದು ಮಗುಚಿದ್ದರೆ ಹೆಚ್ಚಾಗುತ್ತಿದ್ದದ್ದು ನಾಲ್ಕು ಮತ. ಯಾರ ಕಣ್ಣಿಗೂ ಬೀಳುತ್ತಿರಲಿಲ್ಲ. 4096ಕ್ಕಿಂತ ನನ್ನನ್ನು ಕಾಡುವುದು ಈ ನಾಲ್ಕು.

ಬಿಟ್‌ಗಳು ಏಕೆ ಮಗುಚುತ್ತವೆ? ಮೆಮೊರಿ ಚಿಪ್‌ನಲ್ಲಿ ಒಂದೊಂದು ಬಿಟ್ ಎಂದರೆ ಒಂದು ಚಿಟಿಕೆ ವಿದ್ಯುದಾವೇಶ, ಅಷ್ಟೇ. 1970ರ ದಶಕದ ಕೊನೆಗೆ ಇಂಟೆಲ್ ಸಂಸ್ಥೆಯ ಸಂಶೋಧಕರು ಒಂದು ವಿಚಿತ್ರ ಕಾರಣವನ್ನು ಪತ್ತೆ ಹಚ್ಚಿದರು. ಚಿಪ್‌ನ ಹೊರಕವಚದಲ್ಲೇ ಸೇರಿಕೊಂಡಿದ್ದ ಅತ್ಯಲ್ಪ ವಿಕಿರಣಶೀಲ ವಸ್ತು ಆಲ್ಫಾ ಕಣಗಳನ್ನು ಹೊಮ್ಮಿಸಿ ಒಳಗಿನ ಬಿಟ್‌ಗಳನ್ನು ಕೆಡಿಸುತ್ತಿತ್ತು. ಕಾಯಬೇಕಾದ ಕವಚವೇ ಕಳ್ಳನಾಗಿತ್ತು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳೂ ಇದೇ ಕೆಲಸ ಮಾಡುತ್ತವೆ. 2014ರಲ್ಲಿ ಇನ್ನೊಂದು ಸಂಗತಿ ಪ್ರಕಟವಾಯಿತು: ಮೆಮೊರಿಯ ಒಂದು ಸಾಲನ್ನು ಎಡೆಬಿಡದೆ ಓದುತ್ತಿದ್ದರೆ ಪಕ್ಕದ ಸಾಲಿನ ಬಿಟ್‌ಗಳು ಮಗುಚಬಲ್ಲವು. ಇದಕ್ಕೆ ರೋಹ್ಯಾಮರ್ ಎಂದು ಹೆಸರು.

ಇದೆಲ್ಲ ಅಪರೂಪ ಎಂದು ತಳ್ಳಿಹಾಕುವ ಹಾಗಿಲ್ಲ. ಗೂಗಲ್ ತನ್ನ ಸರ್ವರ್‌ಗಳನ್ನು ಗಮನಿಸಿ 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ವರ್ಷವೊಂದರಲ್ಲಿ ಸುಮಾರು ಮೂರನೆಯ ಒಂದು ಭಾಗ ಯಂತ್ರಗಳು ಒಮ್ಮೆಯಾದರೂ ಮೆಮೊರಿ ದೋಷವನ್ನು ಕಂಡಿದ್ದವು. ಸರ್ವರ್‌ಗಳಲ್ಲಿ ಇದಕ್ಕೆ ರಕ್ಷಣೆ ಇರುತ್ತದೆ. 64 ಬಿಟ್‌ಗಳಿಗೆ ಎಂಟು ಕಾವಲು ಬಿಟ್‌ಗಳು; ಒಂದು ಬಿಟ್ ಕೆಟ್ಟರೆ ಅವು ತಿದ್ದುತ್ತವೆ, ಎರಡು ಕೆಟ್ಟರೆ ಕೂಗಿ ಹೇಳುತ್ತವೆ. ನಮ್ಮ ನಿಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಬಹುಪಾಲು ಈ ಸೌಲಭ್ಯವಿಲ್ಲ. ಮೂರು ಬಿಟ್ ಕೆಟ್ಟರೆ ಆ ಕಾವಲೂ ಮೋಸಹೋಗಬಹುದು.

ಹಾಗಾದರೆ ತಂತ್ರಾಂಶ ಬರೆಯುವವರು ಏನು ಮಾಡಬಹುದು? ಇಟ್ಟದ್ದು ಇಟ್ಟ ಹಾಗೆಯೇ ಇರುತ್ತದೆ ಎಂಬ ನಂಬಿಕೆಯನ್ನು ಮೊದಲು ಬಿಡಬೇಕು. ಆ ನಂಬಿಕೆ ಎಷ್ಟು ದುಬಾರಿ ಎಂಬುದನ್ನು ನೋಡೋಣ. ಕಾಗದ ಪೆನ್ಸಿಲ್ ಇದ್ದವರು ಬರೆದುಕೊಳ್ಳಿ.

ಏರಿಕೆಯ ಕ್ರಮದಲ್ಲಿರುವ ಎರಡು ಪಟ್ಟಿಗಳು. ಮೊದಲನೆಯದು: ಒಂದು, ಮೂರು, ಐದು, ಏಳು. ಎರಡನೆಯದು: ಎರಡು, ನಾಲ್ಕು, ಆರು, ಎಂಟು. ಎರಡೂ ಪಟ್ಟಿಗಳ ಮುಂತುದಿಯಲ್ಲಿ ನಿಂತ ಸಂಖ್ಯೆಗಳನ್ನು ಹೋಲಿಸಿ, ಚಿಕ್ಕದನ್ನು ಎತ್ತಿ ಹೊರಗಿಡುತ್ತ ಹೋದರೆ ಒಂದೇ ಪಟ್ಟಿಯಾಗುತ್ತದೆ. ಈಗ ಮೊದಲ ಪಟ್ಟಿಯ ಒಂದು ಎಂಬ ಸಂಖ್ಯೆಯಲ್ಲಿ ಒಂದು ಬಿಟ್ ಮಗುಚಿ, ಅದು 1025 ಆಯಿತೆನ್ನಿ. ಎರಡು, ನಾಲ್ಕು, ಆರು, ಎಂಟು ಎಲ್ಲವೂ 1025ಕ್ಕಿಂತ ಚಿಕ್ಕವು. ಹಾಗಾಗಿ ಅವೆಲ್ಲ ಮೊದಲು ಹೊರಬೀಳುತ್ತವೆ. ಆಮೇಲೆ 1025, ಅದರ ಬೆನ್ನಿಗೆ ಮೂರು, ಐದು, ಏಳು. ಕೆಟ್ಟದ್ದು ಒಂದು ಸಂಖ್ಯೆ. ದಿಕ್ಕುಗೆಟ್ಟದ್ದು ಇಡೀ ಪಟ್ಟಿ. ಮೂರು, ಐದು, ಏಳು ಮಾಡಿದ ತಪ್ಪಾದರೂ ಏನು? ಸುಳ್ಳುಗಾರನ ಹಿಂದೆ ಸಾಲಿನಲ್ಲಿ ನಿಂತದ್ದು.

ಮೆಮೊರಿ ಕೆಟ್ಟರೂ ತಾಳಿಕೊಳ್ಳುವ ತಂತ್ರಾಂಶವನ್ನು ರೂಪಿಸುವ ಕ್ಷೇತ್ರವೊಂದಿದೆ; ಅದರ ಬೇಡಿಕೆ ಹುಟ್ಟುವುದು ಇಲ್ಲೇ. ಕೆಟ್ಟ ಸಂಖ್ಯೆ ಎಲ್ಲಿ ಬೇಕಾದರೂ ಹೋಗಿ ಬೀಳಲಿ, ಕೆಡದವು ತಮ್ಮತಮ್ಮಲ್ಲಿ ಸರಿಯಾದ ಕ್ರಮದಲ್ಲಿರಲಿ. ನಷ್ಟ ತಪ್ಪಿನ ಅಳತೆಯನ್ನು ಮೀರದಿರಲಿ. ಇಟಲಿಯ ಕಂಪ್ಯೂಟರ್ ವಿಜ್ಞಾನಿಗಳಾದ ಐರೀನ್ ಫಿನೊಕ್ಕಿ ಮತ್ತು ಜ್ಯುಸೆಪ್ಪೆ ಇಟಾಲಿಯಾನೊ 2004ರಲ್ಲಿ ಈ ಪ್ರಶ್ನೆಗೆ ಗಣಿತದ ಚೌಕಟ್ಟು ಕೊಟ್ಟರು. ಮೆಮೊರಿಯ ಯಾವ ಜಾಗ ಯಾವಾಗ ಬೇಕಾದರೂ ಕೆಡಬಹುದು, ಕೆಟ್ಟದ್ದು ತಾನು ಕೆಟ್ಟಿದ್ದೇನೆಂದು ಹೇಳುವುದಿಲ್ಲ, ಬೆರಳೆಣಿಕೆಯಷ್ಟು ಜಾಗ ಮಾತ್ರ ಭದ್ರ ಎಂಬುದು ಅವರ ಷರತ್ತು.

ಎಲ್ಲವನ್ನೂ ನಕಲು ಮಾಡಿಡಬಾರದೇ ಎಂದು ನೀವು ಕೇಳಬಹುದು. ಇಡಬಹುದು. ಎರಡು ದೋಷ ತಾಳಬೇಕಾದರೆ ಐದು ನಕಲು ಬೇಕು, ಆಗ ಬಹುಮತ ಸತ್ಯದ ಕಡೆಗಿರುತ್ತದೆ. ಆದರೆ ಎಲ್ಲಕ್ಕೂ ಐದು ಪಟ್ಟು ಮೆಮೊರಿ ಕೊಡುವವರು ಯಾರು? ಜಾಣತನ ಇರುವುದು ಈಗಾಗಲೇ ಇರುವುದನ್ನೇ ಸಾಕ್ಷಿಗೆ ಕರೆಯುವುದರಲ್ಲಿ. ಏರಿಕೆಯ ಕ್ರಮದಲ್ಲಿರುವ ಹತ್ತು ಲಕ್ಷ ಸಂಖ್ಯೆಗಳ ಪಟ್ಟಿಯಲ್ಲಿ ಅರ್ಧರ್ಧ ಮಾಡುತ್ತ ಹುಡುಕಿದರೆ ಇಪ್ಪತ್ತು ಹೆಜ್ಜೆ ಸಾಕು. ನಡುವೆ ಒಂದು ಸಂಖ್ಯೆ ಸುಳ್ಳು ಹೇಳಿದರೆ ತಪ್ಪು ಅರ್ಧಕ್ಕೆ ನುಗ್ಗುತ್ತೇವೆ. ಪರಿಹಾರ ಇದು: ಹುಡುಕಾಟ ಒಂದೆಡೆ ಬಂದು ನಿಂತಾಗ ಅಕ್ಕಪಕ್ಕದ ಸಂಖ್ಯೆಗಳನ್ನು ವಿಚಾರಿಸುವುದು. ಹೆಚ್ಚೆಂದರೆ ಎರಡು ಸುಳ್ಳಾಡಬಹುದಾದರೆ, ಐವರು ನೆರೆಯವರನ್ನು ಕೇಳಿದರೆ ಬಹುಮತ ಸುಳ್ಳಾಗದು. ದಾರಿ ತಪ್ಪಿದೆ ಎಂದು ಅವು ಹೇಳಿದರೆ ಹಿಂದಕ್ಕೆ ಹೋಗಿ ಬೇರೆ ದಾರಿ ಹಿಡಿಯುವುದು. ಹೆಚ್ಚುವರಿ ಶ್ರಮ ತಾಳಬೇಕಾದ ದೋಷಗಳ ಸಂಖ್ಯೆಗೆ ತಕ್ಕಷ್ಟು ಮಾತ್ರ.

ಕೊಂಡಿ ಪಟ್ಟಿಯ ಕಥೆ ಇದಕ್ಕಿಂತ ಹಳೆಯದು, ನನಗೆ ಇನ್ನೂ ಇಷ್ಟವಾದದ್ದು. ಮಾಹಿತಿಯನ್ನು ಸರಪಳಿಯಂತೆ ಜೋಡಿಸಿಡುವ ಈ ಪಟ್ಟಿಯಲ್ಲಿ, ಮುಂದಿನ ಕೊಂಡಿ ಮೆಮೊರಿಯಲ್ಲಿ ಎಲ್ಲಿದೆ ಎಂಬ ವಿಳಾಸ ಪ್ರತಿ ಕೊಂಡಿಯಲ್ಲೂ ಇರುತ್ತದೆ. ಒಂದು ವಿಳಾಸ ಕೆಟ್ಟರೆ ಅದರ ಮುಂದಿನದ್ದೆಲ್ಲ ಕೈಬಿಟ್ಟಂತೆ. ಈಗ ಪ್ರತಿ ಕೊಂಡಿಗೂ ಹಿಂದಿನ ಕೊಂಡಿಯ ವಿಳಾಸವನ್ನೂ, ಈ ಪಟ್ಟಿಯದೇ ಎಂಬ ಗುರುತನ್ನೂ ಕೊಡಿ. ಒಟ್ಟು ಕೊಂಡಿಗಳೆಷ್ಟು ಎಂಬುದನ್ನು ತಲೆಭಾಗದಲ್ಲಿ ಬರೆದಿಡಿ. ನೂರು ಕೊಂಡಿಗಳ ಪಟ್ಟಿಯಲ್ಲಿ ನಲವತ್ತನೆಯದರ ಮುಂದಿನ ವಿಳಾಸ ಹಾಳಾಯಿತು. ಮುಂದಿನಿಂದ ಹೊರಟರೆ ಗುರುತಿಲ್ಲದ ಜಾಗ ಸಿಕ್ಕಿ ನಿಲ್ಲುತ್ತೇವೆ. ಆಗ ಬಾಲದಿಂದ ಹೊರಡುವುದು. ನಲವತ್ತೊಂದನೆಯದು ‘ನನ್ನ ಹಿಂದಿರುವವನು ಅವನೇ’ ಎಂದು ನಲವತ್ತನೆಯದರತ್ತ ಬೆರಳು ತೋರುತ್ತದೆ. ಹರಿದ ಜಾಗ ಅದೇ; ನಲವತ್ತೊಂದರ ವಿಳಾಸವನ್ನು ಅಲ್ಲಿ ಮತ್ತೆ ಬರೆದರೆ ಸರಪಳಿ ಕೂಡಿಕೊಂಡಿತು. 1980ರಲ್ಲಿ ಟೇಲರ್, ಮಾರ್ಗನ್, ಬ್ಲ್ಯಾಕ್ ಎಂಬ ಮೂವರು ಸಂಶೋಧಕರು ಇಂಥ ರಚನೆಗಳು ಎಷ್ಟು ದೋಷಗಳನ್ನು ಪತ್ತೆ ಹಚ್ಚುತ್ತವೆ, ಎಷ್ಟನ್ನು ತಿದ್ದುತ್ತವೆ ಎಂಬುದನ್ನು ಶಾಸ್ತ್ರೀಯವಾಗಿ ಲೆಕ್ಕ ಹಾಕಿದರು. ಆದರೆ ನಲವತ್ತರ ಮುಂದಿನ ವಿಳಾಸ, ನಲವತ್ತೊಂದರ ಹಿಂದಿನ ವಿಳಾಸ ಎರಡೂ ಒಟ್ಟಿಗೆ ಕೆಟ್ಟರೆ ಈ ಉಪಾಯ ನಡೆಯದು. ಪಟ್ಟಿ ಎರಡು ತುಂಡು.

ಕಾವಲು ಎಲ್ಲಿ ಹಾಕಬೇಕು ಎಂಬುದೂ ಸುಲಭದ ಪ್ರಶ್ನೆಯಲ್ಲ. 2008ರ ಜುಲೈ 20ರಂದು ಅಮೆಜಾನ್‌ನ ದತ್ತಾಂಶ ಸಂಗ್ರಹ ಸೇವೆ ಗಂಟೆಗಟ್ಟಲೆ ನಿಂತುಹೋಯಿತು. ಗ್ರಾಹಕರ ಕಡತಗಳಿಗೆ ಚೆಕ್‌ಸಮ್, ಅಂದರೆ ತಾಳೆ ನೋಡುವ ಸಂಖ್ಯೆ, ಇತ್ತು. ಸರ್ವರ್‌ಗಳು ತಮ್ಮ ಸ್ಥಿತಿಗತಿಯ ಬಗ್ಗೆ ಒಂದಕ್ಕೊಂದು ಹೇಳಿಕೊಳ್ಳುವ ಮಾತಿಗೆ ಇರಲಿಲ್ಲ. ಅಂಥ ಕೆಲವು ಸಂದೇಶಗಳಲ್ಲಿ ಒಂದೇ ಒಂದು ಬಿಟ್ ಕೆಟ್ಟಿತ್ತು. ಸಂದೇಶ ಓದಲು ಬರುತ್ತಿತ್ತು, ಆದ್ದರಿಂದ ಯಾವ ಸರ್ವರ್ ಕೂಡ ಅನುಮಾನಿಸದೆ ಅದನ್ನು ಮುಂದಕ್ಕೆ ದಾಟಿಸಿತು. ಕೊನೆಗೆ ಎಲ್ಲವನ್ನೂ ನಿಲ್ಲಿಸಿ, ಹರಡಿದ್ದ ಮಾಹಿತಿಯನ್ನು ಅಳಿಸಿ, ಮೊದಲಿನಿಂದ ಆರಂಭಿಸಬೇಕಾಯಿತು.

ನಮಸ್ಕಾರ.