ಸೈನಿಕರ ಕಾಗದ ಎಸೆಯಬೇಡಿ

ಕೇಳುಗರಿಗೆ ನಮಸ್ಕಾರ.

ಕರಿಮೆಣಸು ಖಾಲಿಯಾಗಿದೆ, ಈಗ ಕೆಂಪು ಮೆಣಸು ಹಾಕುತ್ತಿದ್ದಾರೆ ಅಂತ ಮೊದಲ ಮಹಾಯುದ್ಧದಲ್ಲಿ ನಮ್ಮ ಸೈನಿಕನೊಬ್ಬ ಯುರೋಪಿನಿಂದ ಊರಿಗೆ ಬರೆದ. ಇದು ಅಡುಗೆ ಮಾತಲ್ಲ. ಕರಿಮೆಣಸು ಅಂದರೆ ನಮ್ಮವರು, ಕೆಂಪು ಮೆಣಸು ಅಂದರೆ ಬಿಳಿಯರು. ನಮ್ಮವರು ಎಷ್ಟೊಂದು ಜನ ಸಾಯುತ್ತಿದ್ದಾರೆ ಅಂತ ನೇರವಾಗಿ ಬರೆಯುವ ಹಾಗಿರಲಿಲ್ಲ, ಏಕೆಂದರೆ ಕಾಗದ ಮನೆ ಸೇರುವ ಮೊದಲು ಇನ್ನೊಬ್ಬರು ಓದುತ್ತಿದ್ದರು.

1914ರ ಸೆಪ್ಟೆಂಬರ್ ಕೊನೆಯಲ್ಲಿ ಭಾರತದ ದಂಡು ಫ್ರಾನ್ಸಿನ ಮಾರ್ಸೇ ಬಂದರಿಗೆ ಬಂದಿಳಿಯಿತು. ಅವರಲ್ಲಿ ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಬರಹ ಬಲ್ಲವರ ಹತ್ತಿರ ಹೇಳಿ ಬರೆಸುತ್ತಿದ್ದರು, ಊರಲ್ಲೂ ಯಾರೋ ಒಬ್ಬರು ನಾಲ್ಕು ಜನರ ಮುಂದೆ ಗಟ್ಟಿಯಾಗಿ ಓದುತ್ತಿದ್ದರು. ನಡುವೆ ಸೆನ್ಸಾರ್ ಕಚೇರಿ. ಕ್ಯಾಪ್ಟನ್ ಹೋವೆಲ್ ಎಂಬ ಅಧಿಕಾರಿಯ ಕೈಕೆಳಗೆ ಉರ್ದು, ಗುರುಮುಖಿ, ಹಿಂದಿ ಕಾಗದಗಳನ್ನು ಒಡೆದು, ಮುಖ್ಯ ಅನ್ನಿಸಿದ ಸಾಲುಗಳನ್ನು ಇಂಗ್ಲಿಷಿಗೆ ಇಳಿಸಿ ಮೇಲಿನವರಿಗೆ ವರದಿ ಕಳಿಸುತ್ತಿದ್ದರು. ಇದು ಯುದ್ಧವೇ ಅಲ್ಲ, ಲೋಕದ ಕೊನೆ, ಮಹಾಭಾರತದಲ್ಲಿ ಕೇಳಿದಂಥದ್ದು ಎಂದು 1915ರ ಜನವರಿಯಲ್ಲಿ ಗಾಯಾಳುವೊಬ್ಬ ಹೇಳಿದ್ದು ಇವತ್ತಿಗೂ ನಮಗೆ ಸಿಗುವುದು ಆ ವರದಿಗಳಿಂದಲೇ. ಅವು ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಮೂಲ ಕಾಗದಗಳು ಬಹುಪಾಲು ಇಲ್ಲವಾದವು. ನನಗೆ ತುಂಬಾ ಸಂಕಟ ಆಗುವುದು ಇಲ್ಲೇ: ಪ್ರೀತಿಯಿಂದ ಕಾಯುತ್ತಿದ್ದವರ ಮನೆಯಲ್ಲಿ ಉಳಿಯದ ಮಾತು, ಅನುಮಾನದಿಂದ ಒಡೆದು ನೋಡಿದವರ ಕಡತದಲ್ಲಿ ಉಳಿಯಿತು, ಅದೂ ಅವರಿಗೆ ಬೇಕಾದಷ್ಟು ಮಾತ್ರ.

ನಮ್ಮ ಕೊಡಗಿನ ಎಷ್ಟೋ ಮನೆಗಳಲ್ಲಿ 56 ಎಪಿಒ ಎಂಬ ಸೇನೆಯ ಅಂಚೆ ವಿಳಾಸದ ಇನ್‌ಲ್ಯಾಂಡ್ ಲೆಟರುಗಳು ಇನ್ನೂ ಇರಬಹುದು, ಅಲ್ವಾ? ಮನೆ ಸುಣ್ಣ ಬಳಿಯುವಾಗ ಹಳೇ ಪೇಪರ್ ಜೊತೆ ಅವನ್ನು ಹಾಕಬೇಡಿ. ಲ್ಯಾಮಿನೇಶನ್ ಮಾಡಿಸಲೇಬೇಡಿ, ಆಮೇಲೆ ಬಿಡಿಸಲು ಬರುವುದಿಲ್ಲ. ಹರಿದಲ್ಲಿ ಸೆಲ್ಲೋಟೇಪ್ ಬೇಡ, ಅದರ ಅಂಟು ಹಳದಿಯಾಗಿ ಕಾಗದವನ್ನೇ ಹಾಳು ಮಾಡುತ್ತದೆ. ಪಿನ್ನು ತೆಗೆದುಬಿಡಿ, ತುಕ್ಕು ಹಿಡಿಯುತ್ತದೆ. ಲಕೋಟೆ ಇದ್ದರೆ ಅದನ್ನೂ ಇಡಿ, ಎಷ್ಟೋ ಸಲ ತಾರೀಖು ಗೊತ್ತಾಗುವುದು ಅದರ ಮೇಲಿನ ಅಂಚೆ ಮುದ್ರೆಯಿಂದ. ಎರಡೂ ಬದಿಯ ಫೋಟೋ ತೆಗೆದು ಮನೆಯ ಇನ್ನಿಬ್ಬರಿಗೆ ಕಳಿಸಿ, ಆದರೆ ಫೋಟೋ ಇದೆ ಅಂತ ಮೂಲವನ್ನು ಬಿಸಾಡಬೇಡಿ.

ಇನ್ನೊಂದು ಮಾತು. ಕಾಗದದಲ್ಲಿ ಬರುವ 'ಚಿಕ್ಕವನು', 'ಆ ವಿಷಯ' ಯಾರು, ಏನು ಅಂತ ತಿಳಿದವರು ಮನೆಯ ಹಿರಿಯರು ಮಾತ್ರ. ಈ ಭಾನುವಾರವೇ ಅವರ ಪಕ್ಕ ಕೂತು ಓದಿ ಹೇಳಿ, ಅವರು ಹೇಳಿದ್ದನ್ನು ಬೇರೆ ಹಾಳೆಯಲ್ಲಿ ಬರೆದುಕೊಳ್ಳಿ.

ನಮಸ್ಕಾರ.